ಉತ್ತರ ಕೊಟ್ಟ ಮೇಲೆ ಏನಾಗುತ್ತದೆ ನೋಡಿ

ಅಡಿಕೆ ಬೆಳೆಗಾರರ ಫೇಸ್‌ಬುಕ್ ಗುಂಪೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಲೆನಾಡು, ಕರಾವಳಿಯ ಕಡೆ ಇಂಥ ಗುಂಪುಗಳಿಗೇನೂ ಬರವಿಲ್ಲ. ಜುಲೈ ಕೊನೆಯ ವಾರ, ಮಳೆ ಬಿಡುವೇ ಕೊಡುತ್ತಿಲ್ಲ. ಸದಸ್ಯರೊಬ್ಬರು ಕೇಳುತ್ತಾರೆ: "ಮೊದಲ ಸಲ ಬೋರ್ಡೋ ಹೊಡೆದು 45 ದಿನ ಆಯ್ತು. ಎರಡನೇ ಸಲಕ್ಕೆ ಕೊನೆಗಾರ ರೆಡಿ ಇದ್ದಾನೆ, ಮಳೆ ಬಿಡ್ತಿಲ್ಲ. ಒಂದೆರಡು ಮರದಲ್ಲಿ ಕಾಯಿ ಉದುರೋಕೆ ಶುರುವಾಗಿದೆ. ಇನ್ನೆಷ್ಟು ದಿನ ತಡೀಬಹುದು?" ನಿವೃತ್ತ ಮೇಷ್ಟ್ರೊಬ್ಬರು ಉತ್ತರಿಸುತ್ತಾರೆ: "ತಡೀಬೇಡಿ. ಉದುರಿದ್ದನ್ನ ಮೊದಲು ಹೆಕ್ಕಿ ತೋಟದಿಂದ ಹೊರಗೆ ಹಾಕಿ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಅಳತೆ ತಪ್ಪಿಸಬೇಡಿ. ಅರ್ಧ ದಿನ ಹೊಳವಾದ್ರೂ ಸಾಕು, ಹೊಡೆಸಿಬಿಡಿ."

ಮೂರನೆಯ ಕಮೆಂಟ್ ಬರುತ್ತದೆ: "ಜನರ ಬಾಯಿಗೆ ಕ್ಯಾನ್ಸರ್ ಹಚ್ಚೋ ಬೆಳೆಗೆ ಔಷಧಿ ಬೇರೆ ಕೇಡು."

ಮೇಷ್ಟ್ರು ಸುಮ್ಮನಿರಬಹುದಿತ್ತು, ಇರುವುದಿಲ್ಲ. ಗುಟ್ಕಾಕ್ಕೂ ತಾಂಬೂಲಕ್ಕೂ ವ್ಯತ್ಯಾಸವಿದೆ, ಊರಿನ ಬದುಕು ಇದರ ಮೇಲೆ ನಿಂತಿದೆ ಎಂದು ಹತ್ತು ಸಾಲು ಬರೆಯುತ್ತಾರೆ. "ಹಾಗಾದ್ರೆ ನಿಮ್ಮ ಮೊಮ್ಮಗನಿಗೆ ದಿನಾ ಕೊಡ್ತೀರಾ?" ಎಂಬ ಮರುಪ್ರಶ್ನೆ. ಅದಕ್ಕೂ ಉತ್ತರ. "ಸಬ್ಸಿಡಿ ತಿಂದು ಕೊಬ್ಬಿದೋರು ನೀವು." ಈಗ ಇನ್ನಿಬ್ಬರು ಮೇಷ್ಟ್ರ ಪರ ನಿಲ್ಲುತ್ತಾರೆ, ಒಬ್ಬರ ಬಾಯಿಂದ ಕೆಟ್ಟ ಮಾತು ಬರುತ್ತದೆ. "ನೋಡಿ, ಒಂದು ಪ್ರಶ್ನೆ ಕೇಳಿದ್ದಕ್ಕೆ ಇವರ ಸಂಸ್ಕಾರ ನೋಡಿ" ಎಂದು ಅದರ ಸ್ಕ್ರೀನ್‌ಶಾಟ್ ತೆಗೆದು ಹಾಕಲಾಗುತ್ತದೆ. ಬೆಳಗಾಗುವ ಹೊತ್ತಿಗೆ ಕಮೆಂಟು ನೂರು ದಾಟಿದೆ. ಔಷಧಿಯ ಮಾತು ಎಲ್ಲೋ ಮೇಲೆ, ಯಾರಿಗೂ ಕಾಣದ ಜಾಗದಲ್ಲಿ ಉಳಿದಿದೆ. ಗುಂಪಿನ ಅಡ್ಮಿನ್ ಎದ್ದು ಹಲ್ಲುಜ್ಜುತ್ತಾ ಫೋನ್ ನೋಡಿ ತಲೆ ಮೇಲೆ ಕೈಯಿಟ್ಟುಕೊಳ್ಳುತ್ತಾರೆ.

ಇಲ್ಲಿ ಟ್ರೋಲ್ ಯಾವುದು? ಆ ಮೂರನೆಯ ಕಮೆಂಟೇ ಎಂದು ಬೆರಳು ತೋರಿಸುವ ಮೊದಲು ಒಂದು ವಿಷಯ ಗಮನಿಸಬೇಕು. ಅದರಲ್ಲಿದ್ದದ್ದು ಶುದ್ಧ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಸಾಲಿಗೇ ಸೇರಿಸಿದೆ. ಬೆಳೆಗಾರರಿಗೆ ಅದರ ಬಗ್ಗೆ ತಕರಾರಿದೆ, ಅದು ಬೇರೆ ಮಾತು. ಬಾಯಿಯ ಕ್ಯಾನ್ಸರಿನಲ್ಲಿ ಅಪ್ಪನನ್ನು ಕಳೆದುಕೊಂಡ ಮಗಳೊಬ್ಬಳು ಅದೇ ಗುಂಪಿಗೆ ಬಂದು ಅದೇ ವಾಕ್ಯ ಬರೆದಿದ್ದರೆ? ಆಕೆಯನ್ನು ಟ್ರೋಲ್ ಎನ್ನಲು ನಮಗೆ ಬಾಯಿ ಬರುತ್ತಿರಲಿಲ್ಲ. ವಾಕ್ಯ ಒಂದೇ, ಸಿಟ್ಟೂ ಒಂದೇ. ಹಾಗಾಗಿ ವಾಕ್ಯವನ್ನು ಹಿಡಿದುಕೊಂಡು ತೀರ್ಪು ಕೊಡಲು ಹೊರಟರೆ ಅರ್ಧ ಸಲ ಎಡವುತ್ತೇವೆ.

ಉತ್ತರ ಸಿಕ್ಕ ಮೇಲೆ ಏನಾಗುತ್ತದೆ ಎಂಬುದರಲ್ಲಿ ವ್ಯತ್ಯಾಸ ಕಾಣುತ್ತದೆ. ನಿಜಕ್ಕೂ ಭಿನ್ನಾಭಿಪ್ರಾಯ ಇರುವವರಿಗೆ ಉತ್ತರ ಕೊಟ್ಟರೆ ಎಲ್ಲೋ ಒಂದಿಷ್ಟು ಅಲುಗಾಟವಾಗುತ್ತದೆ. "ಅದು ಸರಿ, ಆದರೆ..." ಎನ್ನುತ್ತಾರೆ, ಇನ್ನೂ ಸಿಟ್ಟಾಗುತ್ತಾರೆ, ಅಥವಾ ಸುಮ್ಮನಾಗುತ್ತಾರೆ. ಏನೇ ಆದರೂ ಮಾತು ಅದೇ ವಿಷಯದ ಮೇಲೆ ನಿಂತಿರುತ್ತದೆ. ಟ್ರೋಲಿಗನಿಗೆ ನೀವು ಕೊಟ್ಟ ಉತ್ತರದೊಳಗೆ ಏನಿದೆ ಎಂಬುದೇ ಬೇಕಿಲ್ಲ. ಉತ್ತರ ಬಂತು ಎಂಬುದಷ್ಟೇ ಬೇಕು. ಕ್ಯಾನ್ಸರಿನಿಂದ ಮೊಮ್ಮಗನಿಗೆ, ಮೊಮ್ಮಗನಿಂದ ಸಬ್ಸಿಡಿಗೆ, ಅಲ್ಲಿಂದ ಸಂಸ್ಕಾರಕ್ಕೆ ಹಾರಿದ್ದನ್ನು ನೋಡಿ. ಹಿಂದಿನ ಉತ್ತರದ ಒಂದು ಪದವನ್ನೂ ಮುಂದಿನ ಪ್ರಶ್ನೆ ಮುಟ್ಟಲಿಲ್ಲ. ಎರಡು ಉತ್ತರ ಕೊಟ್ಟು ಮೂರನೆಯದಕ್ಕೆ ಕೈಹಾಕುವ ಮುನ್ನ ಈ ಒಂದು ಪರೀಕ್ಷೆ ಮಾಡಿಕೊಂಡರೆ ನೂರರಲ್ಲಿ ತೊಂಬತ್ತು ಕಮೆಂಟು ಹುಟ್ಟುವುದೇ ಇಲ್ಲ.

ಕನ್ನಡದ ಜಾಲತಾಣಗಳಲ್ಲಿ ಟ್ರೋಲ್ ಎಂದರೆ ಮೀಮ್ ಪೇಜುಗಳ ತಮಾಷೆಯೂ ಹೌದು. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ, ಆಗಿನ ಮುಖ್ಯಮಂತ್ರಿ ಹಿಂದೊಮ್ಮೆ ತಮ್ಮ ಮಗನನ್ನು ಕರೆದಿದ್ದ "ನಿಖಿಲ್ ಎಲ್ಲಿದ್ದೀಯಪ್ಪ" ಎಂಬ ಒಂದು ವಾಕ್ಯ ಹಳೆಯ ಸಿನಿಮಾ ಸಮಾರಂಭದ ವಿಡಿಯೊದಿಂದ ಎದ್ದು ಬಂದು ರಾಜ್ಯವನ್ನೆಲ್ಲ ನಗಿಸಿತು. ಅಧಿಕಾರದಲ್ಲಿ ಇರುವವರನ್ನು ಗೇಲಿ ಮಾಡುವುದು ನಮಗೇನೂ ಹೊಸದಲ್ಲ, ಅದು ಈ ಬರಹದ ವಿಷಯವೂ ಅಲ್ಲ. ಒಂದು ಗುಂಪಿನಲ್ಲಿ ಸಮಾನ ಆಸಕ್ತಿಯಿಂದ ಸೇರಿದ ಸಾಮಾನ್ಯ ಜನರ ಮಾತುಕತೆಯನ್ನು ಬೇಕೆಂದೇ ಕೆಡಿಸುವವರ ಕುರಿತು ಮಾತ್ರ ನಾನು ಹೇಳುತ್ತಿದ್ದೇನೆ.

ಅಂಥವರಲ್ಲಿ ಬೈಯುವವರನ್ನು ಗುರುತಿಸುವುದು ಸುಲಭ. ವಿನಯವಂತರನ್ನು ಗುರುತಿಸುವುದೇ ಕಷ್ಟ. 2014ರ ಸೆಪ್ಟೆಂಬರಿನಲ್ಲಿ ಡೇವಿಡ್ ಮಲ್ಕಿ ಎಂಬ ಅಮೆರಿಕದ ವ್ಯಂಗ್ಯಚಿತ್ರಕಾರರು ತಮ್ಮ 'ವಂಡರ್‌ಮಾರ್ಕ್' ಸರಣಿಯಲ್ಲಿ ಒಂದು ಚಿತ್ರ ಬರೆದರು. ಹೆಂಗಸೊಬ್ಬಳು ತನಗೆ ಸೀ ಲಯನ್ ಎಂಬ ಕಡಲ ಪ್ರಾಣಿ ಅಷ್ಟಾಗಿ ಹಿಡಿಸದು ಎನ್ನುತ್ತಾಳೆ. ತಕ್ಷಣ ಒಂದು ಸೀ ಲಯನ್ ಪ್ರತ್ಯಕ್ಷವಾಗಿ, ಕ್ಷಮಿಸಿ, ಈ ಮಾತಿಗೆ ಆಧಾರ ಕೊಡಬಹುದೇ ಎಂದು ಕೇಳುತ್ತದೆ. ರಸ್ತೆಯಲ್ಲಿ ಕೇಳಿದ್ದು ಸಾಲದೆ ಮನೆಗೆ ಬರುತ್ತದೆ, ಮಲಗುವ ಕೋಣೆಗೆ ಬರುತ್ತದೆ, ಬೆಳಗಿನ ತಿಂಡಿಯ ಮೇಜಿಗೂ ಬರುತ್ತದೆ. ಒಂದು ಕೆಟ್ಟ ಮಾತಿಲ್ಲ, ದನಿ ಏರಿಸುವುದಿಲ್ಲ. ಆ ಚಿತ್ರದಿಂದಾಗಿ ಈ ಬಗೆಯ ಕಾಟಕ್ಕೆ ಸೀಲಯನಿಂಗ್ ಎಂಬ ಹೆಸರೇ ಬಿದ್ದಿತು.

ಕನ್ನಡದ ಇತಿಹಾಸಾಸಕ್ತರ ಗುಂಪುಗಳಲ್ಲಿ ಓಡಾಡುವವರಿಗೆ ಈ ಪ್ರಾಣಿಯ ಪರಿಚಯ ಚೆನ್ನಾಗಿಯೇ ಇದೆ. ಯಾರೋ ತಮ್ಮೂರಿನ ಗುಡಿಯ ಮುಂದಿರುವ ಹೊಯ್ಸಳರ ಕಾಲದ ಶಾಸನದ ಫೋಟೊ ಹಾಕಿ ನಾಲ್ಕು ಸಾಲು ಬರೆಯುತ್ತಾರೆ. "ಸಾರ್, ತಪ್ಪು ತಿಳಿಯಬೇಡಿ, ಮೂಲ ಆಕರ ಯಾವುದು?" ಎಂದು ಒಬ್ಬರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಇಂಥ ಸಂಪುಟ, ಇಂಥ ತಾಲ್ಲೂಕು, ಇಂಥ ನಂಬರು ಎಂದು ಉತ್ತರ ಬರುತ್ತದೆ. "ಅದನ್ನು ಮಾಡಿದ್ದು ರೈಸ್ ಅಲ್ಲವೇ ಸಾರ್? ಇಂಗ್ಲಿಷರನ್ನು ನಂಬುವುದು ಹೇಗೆ?" ಪರಿಷ್ಕೃತ ಸಂಪುಟಗಳನ್ನು ಆಮೇಲೆ ಇಲ್ಲಿನ ವಿದ್ವಾಂಸರೇ ತಂದಿದ್ದಾರೆ ಎಂದು ಹೇಳಿದರೆ, "ಅವರ ಮೇಲೆ ಯಾರ ಒತ್ತಡವಿತ್ತೋ, ದಾಖಲೆ ಇದೆಯೇ?" ಎನ್ನುತ್ತಾರೆ. ಹೀಗೆ ಕೇಳುವವರು ಎಪಿಗ್ರಾಫಿಯಾದ ಒಂದು ಪುಟವನ್ನೂ ತೆರೆದಿರುವುದಿಲ್ಲ. ಪಾಪ, ಉತ್ತರಿಸುವವರು ಮಾತ್ರ ಭಾನುವಾರವಿಡೀ ಸಂಪುಟಗಳನ್ನು ತಿರುವುತ್ತಾ ಕೂತಿರುತ್ತಾರೆ. ಕೇಳುವುದಕ್ಕೆ ಹತ್ತು ಸೆಕೆಂಡು, ಉತ್ತರಿಸುವುದಕ್ಕೆ ಎರಡು ಗಂಟೆ. ಈ ಲೆಕ್ಕದಲ್ಲಿ ಯಾರು ಸೋಲುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. "ನೀವು ನೋಡಿದ ಆಕರ ಏನು ಹೇಳುತ್ತದೆ, ಹಂಚಿಕೊಳ್ಳಿ" ಎಂದು ಕೆಲಸವನ್ನು ಅವರ ಕಡೆಗೇ ದಾಟಿಸಿ ನೋಡಿ. ಆಸಕ್ತಿ ಇದ್ದವರು ಏನಾದರೂ ತರುತ್ತಾರೆ. ಉಳಿದವರು ಬೇರೊಂದು ಪೋಸ್ಟಿಗೆ ವಲಸೆ ಹೋಗುತ್ತಾರೆ.

ವಿನಯದ ಇನ್ನೊಂದು ಅವತಾರ ಹಿತೈಷಿಯ ವೇಷ. "ನಾನೂ ನಿಮ್ಮ ಪರವೇ, ಆದರೆ ಹೀಗೆ ಮಾಡಿದರೆ ನಮಗೇ ಕೆಟ್ಟ ಹೆಸರಲ್ಲವೇ" ಎಂದು ಒಳಗಿನಿಂದ ಉತ್ಸಾಹ ಇಳಿಸುವುದು. 2006ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಇದು ಬಯಲಿಗೇ ಬಂತು. ಅಲ್ಲಿನ ಸಂಸದ ಚಾರ್ಲಿ ಬಾಸ್ ಅವರ ಕಚೇರಿಯ ಹಿರಿಯ ಸಿಬ್ಬಂದಿಯೊಬ್ಬರು ಎದುರಾಳಿಯ ಬೆಂಬಲಿಗರ ತಾಣಗಳಿಗೆ ಹೋಗಿ, ಎದುರಾಳಿಯ ಅಭಿಮಾನಿಯಂತೆಯೇ ನಟಿಸಿ, ಈ ಕ್ಷೇತ್ರ ಗೆಲ್ಲುವುದು ಕಷ್ಟ, ದುಡ್ಡನ್ನೂ ಶ್ರಮವನ್ನೂ ಬೇರೆ ಕಡೆ ಹಾಕೋಣ ಎಂಬ ಧಾಟಿಯಲ್ಲಿ ಬರೆಯುತ್ತಿದ್ದರು. ತಾಣ ನಡೆಸುವವರು ಬರಹ ಬಂದ ಜಾಡು ಹಿಡಿದರೆ ಅದು ಸಂಸತ್ತಿನ ಕಂಪ್ಯೂಟರಿಗೆ ಹೋಗಿ ಮುಟ್ಟಿತು. ಆ ಸಿಬ್ಬಂದಿ ಕೆಲಸ ಬಿಡಬೇಕಾಯಿತು. ಸ್ವಾರಸ್ಯವೆಂದರೆ ಆ ಚುನಾವಣೆಯಲ್ಲಿ ಬಾಸ್ ಸೋತರು.

ಇಂಥವರೆಲ್ಲ ಯಾರು? ಮನೆಯಲ್ಲಿ ಕೆಲಸವಿಲ್ಲದ ಪಡ್ಡೆ ಹುಡುಗರು ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ರೂಢಿ. 2014ರಲ್ಲಿ ಕೆನಡಾದ ಮೂವರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಟ್ರೋಲ್ ಮಾಡುವುದೇ ಖುಷಿ ಎಂದು ಹೇಳಿಕೊಂಡವರಲ್ಲಿ ಪರರ ನೋವಿನಲ್ಲಿ ಸುಖ ಕಾಣುವ ಗುಣ ಎದ್ದು ಕಾಣುತ್ತಿತ್ತು ಎಂಬುದು ಅದರ ಸಾರ. ಪತ್ರಿಕೆಗಳು ಅದನ್ನು ಬಾಯಿ ಚಪ್ಪರಿಸಿ ಬರೆದವು. ಕೆಟ್ಟವರು ಬೇರೆ, ನಾವು ಬೇರೆ ಎಂದು ಅಧ್ಯಯನವೇ ಹೇಳಿದರೆ ಯಾರಿಗೆ ತಾನೇ ಹಿತವೆನಿಸದು?

ಮೂರು ವರ್ಷದ ನಂತರ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಮಾಡಿದ ಪ್ರಯೋಗಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ನನ್ನ ಮಟ್ಟಿಗೆ ತೂಕದ್ದು ಅದೇ. 667 ಜನರನ್ನು ಕರೆದು ಕೆಲವರಿಗೆ ಸುಲಭದ, ಕೆಲವರಿಗೆ ತಲೆ ಕೆಡಿಸುವಷ್ಟು ಕಷ್ಟದ ಪರೀಕ್ಷೆ ಕೊಟ್ಟರು. ಆಮೇಲೆ ಒಂದು ಲೇಖನ ಓದಿಸಿ ಅಭಿಪ್ರಾಯ ಬರೆಯಿರಿ ಎಂದರು. ಕೆಲವರಿಗೆ ಲೇಖನದ ಕೆಳಗೆ ಸಭ್ಯ ಕಮೆಂಟುಗಳು ಮೊದಲೇ ಕಾಣುತ್ತಿದ್ದವು, ಕೆಲವರಿಗೆ ಕೊಳಕು ಕಮೆಂಟುಗಳು. ಸುಲಭದ ಪರೀಕ್ಷೆ ಬರೆದು ಸಭ್ಯ ಕಮೆಂಟು ಕಂಡವರಲ್ಲೂ ನೂರಕ್ಕೆ 35 ಜನ ಟ್ರೋಲ್ ಎನ್ನಬಹುದಾದ್ದನ್ನು ಬರೆದರು. ಎರಡರಲ್ಲಿ ಒಂದು ಕೆಟ್ಟಿದ್ದರೆ ಆ ಸಂಖ್ಯೆ 50ರ ಆಸುಪಾಸಿಗೆ ಏರಿತು. ಎರಡೂ ಕೆಟ್ಟಿದ್ದರೆ 68. ಸಿಎನ್ಎನ್ ಸುದ್ದಿತಾಣದಲ್ಲಿ ಬಂದಿದ್ದ 1.6 ಕೋಟಿ ಅಭಿಪ್ರಾಯಗಳನ್ನೂ ಇವರೇ ಜಾಲಾಡಿದರು. ನಿಂದನೆ ಎಂದು ಓದುಗರು ದೂರು ಕೊಟ್ಟ ಬರಹಗಳಲ್ಲಿ ನಾಲ್ಕರಲ್ಲೊಂದು, ಅದುವರೆಗೆ ಅಂಥದ್ದೇನೂ ಬರೆಯದವರ ಕೈಯಿಂದ ಬಂದಿತ್ತು. ದಿನದಲ್ಲಿ ತಡರಾತ್ರಿ, ವಾರದಲ್ಲಿ ಸೋಮವಾರ, ಈ ಉಪದ್ರವದ ಏರುಗಾಲ.

ಅಂದರೆ ಹುಟ್ಟಾ ಟ್ರೋಲಿಗರು ಕೆಲವರಿದ್ದಾರೆ, ನಿಜ. ಆದರೆ ಅಡಿಕೆ ಗುಂಪಿನ ನೂರು ಕಮೆಂಟಿನಲ್ಲಿ ಅವರದು ಹತ್ತೋ ಹದಿನೈದೋ. ಉಳಿದದ್ದು ಮೇಲಧಿಕಾರಿಯಿಂದ ಬೈಸಿಕೊಂಡು ಮನೆಗೆ ಬಂದವರು, ನಿದ್ದೆ ಬಾರದೆ ಫೋನ್ ಹಿಡಿದವರು, ಮೇಲಿನ ನಾಲ್ಕು ಕಮೆಂಟು ಓದಿ ರಕ್ತ ಕುದಿದವರು ಬರೆದದ್ದು. ಒಂದು ಹಸಿ ಕಟ್ಟಿಗೆ ಎಷ್ಟೇ ಊದಿದರೂ ಬರೀ ಹೊಗೆ, ಸುತ್ತ ಒಣ ತರಗೆಲೆ ಇದ್ದರೆ ಮಾತ್ರ ಬೆಂಕಿ. ನಾವು ಕಟ್ಟಿಗೆಯ ಕಡೆಗೇ ನೋಡುತ್ತೇವೆ. ಗುಂಪು ನಡೆಸುವವರು ನೋಡಬೇಕಾದ್ದು ತರಗೆಲೆಯ ಕಡೆ.

"ಉತ್ತರ ಕೊಡಬೇಡಿ, ತಾನಾಗಿ ಹೋಗುತ್ತಾನೆ" ಎಂಬ ಬುದ್ಧಿಮಾತು ಇಂಟರ್ನೆಟ್ಟಿನಷ್ಟೇ ಹಳೆಯದು. ಅದರಲ್ಲಿ ಸತ್ಯವಿದೆ. 2015ರಲ್ಲಿ ಇದೇ ಸಂಶೋಧಕರ ತಂಡ ಮೂರು ದೊಡ್ಡ ತಾಣಗಳನ್ನು ಹದಿನೆಂಟು ತಿಂಗಳು ಗಮನಿಸಿದಾಗ, ಮುಂದೆ ಹೊರಹಾಕಿಸಿಕೊಂಡ ಸದಸ್ಯರು ಕೆಲವೇ ಚರ್ಚೆಗಳಲ್ಲಿ ಗೂಟ ಹೊಡೆದು ಕೂತಿದ್ದರು. ಅವರ ಬರಹಗಳಿಗೆ ಬೇರೆಯವರ ಬರಹಕ್ಕಿಂತ ಹೆಚ್ಚು ಪ್ರತಿಕ್ರಿಯೆ ಬಂದಿತ್ತು. ವಿಕಿಪೀಡಿಯದ ಸಂಪಾದಕರು ಪುಟ ಕೆಡಿಸುವವರೊಂದಿಗೆ ಇದನ್ನೇ ಕಟ್ಟುನಿಟ್ಟಾಗಿ ಮಾಡುತ್ತಾರೆ. ಕೆಡಿಸಿದ್ದನ್ನು ಮೊದಲಿನಂತೆ ಮಾಡು, ಖಾತೆಗೆ ತಡೆ ಹಾಕು, ಅವನ ಬಗ್ಗೆ ಮಾತೇ ಆಡದೆ ಮುಂದಿನ ಕೆಲಸ ನೋಡು. ಹೆಸರು ಹಿಡಿದು ಛೀಮಾರಿ ಹಾಕಿದರೆ ಅದೇ ಅವನಿಗೊಂದು ಸನ್ಮಾನ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸುಮ್ಮನಿರಿ ಎಂದು ನಾವು ಸಾಮಾನ್ಯವಾಗಿ ಹೇಳುವುದು ಯಾರಿಗೆ? ಬೈಸಿಕೊಂಡವರಿಗೆ. ವಿಕಿಪೀಡಿಯದಲ್ಲಿ ಮಾತಿಲ್ಲ ಅಷ್ಟೇ, ಕ್ರಮ ಇದೆ. ಯಾರೋ ಒಬ್ಬರು ಬಂದು ಅಳಿಸುತ್ತಾರೆ, ತಡೆಯುತ್ತಾರೆ. ನಮ್ಮ ಬಹುಪಾಲು ಗುಂಪುಗಳಲ್ಲಿ ಮಾತೂ ಇಲ್ಲ, ಕ್ರಮವೂ ಇಲ್ಲ. "ಬಿಡಿ ಮೇಡಂ, ಇಗ್ನೋರ್ ಮಾಡಿ" ಎಂಬ ಉಪದೇಶ ಕೊಟ್ಟು ಎಲ್ಲರೂ ತಂತಮ್ಮ ಪಾಡಿಗೆ ಹೋಗುತ್ತಾರೆ. ಆ ಮೇಡಂ ಮರುದಿನದಿಂದ ಬರೆಯುವುದನ್ನು ನಿಲ್ಲಿಸುತ್ತಾರೆ. ಟ್ರೋಲಿಗ ಅಲ್ಲೇ ಇರುತ್ತಾನೆ.

ಇನ್ನು ಕಾಟ ಕೊಡುವವನು ಒಬ್ಬನಲ್ಲ, ಹಿಂಡು ಎಂದಾದರೆ ಸುಮ್ಮನಿರುವ ಮಾತೇ ಬೇರೆಯಾಗುತ್ತದೆ. 2025ರ ಜುಲೈನಲ್ಲಿ ನಟಿ, ಮಾಜಿ ಸಂಸದೆ ರಮ್ಯಾ ಅವರು, ನಟರೊಬ್ಬರು ಆರೋಪಿಯಾಗಿದ್ದ ರೇಣುಕಸ್ವಾಮಿ ಕೊಲೆ ಪ್ರಕರಣದ ಜಾಮೀನು ವಿಚಾರ ಸುಪ್ರೀಂ ಕೋರ್ಟಿನ ಮುಂದಿದ್ದಾಗ ಅದರ ಬಗ್ಗೆ ತಮ್ಮ ಖಾತೆಯಲ್ಲಿ ಬರೆದುಕೊಂಡರು. ಆರೋಪಿ ನಟನ ಅಭಿಮಾನಿಗಳೆಂದು ಹೇಳಿಕೊಳ್ಳುವ ಖಾತೆಗಳಿಂದ ಅಶ್ಲೀಲ ಸಂದೇಶಗಳು, ಬೆದರಿಕೆಗಳು ಸುರಿದವು. ಅವರು ಬೈಗುಳಕ್ಕೆ ಬೈಗುಳ ಕೊಡಲಿಲ್ಲ, ಉಪೇಕ್ಷೆಯನ್ನೂ ಮಾಡಲಿಲ್ಲ. 43 ಖಾತೆಗಳ ವಿವರ ಜೋಡಿಸಿಕೊಂಡು ಬೆಂಗಳೂರು ನಗರ ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. ಪ್ರಕರಣ ದಾಖಲಾಗಿ ಬಂಧನಗಳೂ ಆದವು. ಹೆಸರಿದ್ದವರಿಗೆ ಆಯುಕ್ತರ ಕಚೇರಿಯ ಬಾಗಿಲು ಬೇಗ ತೆರೆಯುತ್ತದೆ ಎಂಬುದು ನಿಜ. ಹಾಗಿದ್ದರೂ ಆ ದೂರಿನಲ್ಲಿ ಎಲ್ಲರೂ ಕಲಿಯಬೇಕಾದ ಒಂದು ಅಂಶವಿದೆ, ಪಟ್ಟಿ. ಯಾವ ಖಾತೆ, ಯಾವ ಸಂದೇಶ, ಯಾವ ಹೊತ್ತು ಎಂದು ಹೇಳುವ ಪಟ್ಟಿ ಕೈಯಲ್ಲಿದ್ದರೆ "ನನಗೆ ಆನ್‌ಲೈನ್‌ನಲ್ಲಿ ತುಂಬ ತೊಂದರೆ ಕೊಡ್ತಿದಾರೆ ಸಾರ್" ಎಂಬುದಕ್ಕೆ ತೂಕ ಬರುತ್ತದೆ.

ಕಾನೂನಿನ ವಿಷಯದಲ್ಲಿ ಜನರ ತಲೆಯಲ್ಲಿ ಇನ್ನೂ 66ಎ ಕಲಮೇ ಕೂತಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿತು. ಕಿರಿಕಿರಿ ಉಂಟುಮಾಡಿದರೂ ಜೈಲು ಎನ್ನುವಷ್ಟು ಸಡಿಲವಾಗಿತ್ತು ಅದು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಯುವತಿಯ ಜೊತೆಗೆ ಅದನ್ನು ಲೈಕ್ ಮಾಡಿದ ಗೆಳತಿಯನ್ನೂ ಪೊಲೀಸರು ಬಂಧಿಸಿದ್ದರು. ರದ್ದಾದದ್ದು ಒಳ್ಳೆಯದೇ ಆಯಿತು. ಈಗ ಉಳಿದಿರುವ ಕಲಮುಗಳು ಹೆಚ್ಚು ನಿರ್ದಿಷ್ಟ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಬೇಡವೆಂದರೂ ಹೆಣ್ಣಿನ ಬೆನ್ನು ಬೀಳುವುದಕ್ಕೆ, ಇಂಟರ್ನೆಟ್ಟಿನಲ್ಲಿ ಬೆನ್ನು ಬೀಳುವುದೂ ಸೇರಿ. 79 ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ. 351 ಬೆದರಿಕೆಗೆ, ಅದರಲ್ಲೂ ಹೆಸರು ಮರೆಮಾಚಿ ಬೆದರಿಸಿದರೆ ಹೆಚ್ಚಿನ ಶಿಕ್ಷೆ. ಅಶ್ಲೀಲ ಚಿತ್ರ, ಬರಹಕ್ಕೆ ಐಟಿ ಕಾಯ್ದೆಯ 67. ದೂರನ್ನು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲೋ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೋ ಕೊಡಬಹುದು. 1930 ಎಂಬ ಫೋನ್ ಸಂಖ್ಯೆ ಮುಖ್ಯವಾಗಿ ಹಣ ಕಳೆದುಕೊಂಡವರ ಸಹಾಯವಾಣಿ. ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ಖಾತೆಯ ಹೆಸರು, ದಿನಾಂಕ, ಸಮಯ ಕಾಣಲಿ. ಪ್ರೊಫೈಲಿನ ಲಿಂಕನ್ನು ಬೇರೆಯಾಗಿ ನಕಲಿಸಿಡಿ, ಏಕೆಂದರೆ ಖಾತೆಯ ಹೆಸರನ್ನು ಕ್ಷಣದಲ್ಲಿ ಬದಲಿಸಬಹುದು.

ಎಲ್ಲರೂ ನಿಜವಾದ ಹೆಸರಲ್ಲೇ ಬರೆಯಬೇಕು ಎಂಬ ಕಾನೂನು ತಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಪ್ರತಿ ಚರ್ಚೆಯಲ್ಲೂ ಇರುತ್ತಾರೆ. ದಕ್ಷಿಣ ಕೊರಿಯಾ 2007ರಲ್ಲಿ ಅದನ್ನೂ ಮಾಡಿ ನೋಡಿತು. ದೊಡ್ಡ ತಾಣಗಳಲ್ಲಿ ಕಮೆಂಟು ಬರೆಯಬೇಕಾದರೆ ಗುರುತಿನ ಸಂಖ್ಯೆ ಕೊಟ್ಟು ದೃಢೀಕರಿಸಬೇಕಿತ್ತು. ಬೈಗುಳ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 2011ರಲ್ಲಿ ಅಲ್ಲಿನ ಕಂಪನಿಯೊಂದರ ತಾಣಗಳಿಗೆ ಕನ್ನ ಬಿದ್ದು ಸುಮಾರು 3.5 ಕೋಟಿ ಬಳಕೆದಾರರ ವಿವರ ಕಳುವಾಯಿತು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವೇ ಕಾನೂನನ್ನು ಕಿತ್ತುಹಾಕಿತು. ಅಷ್ಟು ದೂರ ಹೋಗುವುದೇ ಬೇಡ. ನಮ್ಮಲ್ಲಿ ಮಗಳ ನಾಮಕರಣದ ಫೋಟೊವನ್ನೇ ಪ್ರೊಫೈಲ್ ಚಿತ್ರವಾಗಿಟ್ಟು, ಪೂರ್ತಿ ಹೆಸರು, ಊರು, ಕೆಲಸ ಮಾಡುವ ಕಚೇರಿ ಎಲ್ಲ ಬರೆದುಕೊಂಡೇ ಪರಸ್ತ್ರೀಯರಿಗೆ ಬಾಯಿಗೆ ಬಂದಂತೆ ಬೈಯುವ ಸದ್ಗೃಹಸ್ಥರಿಗೆ ಕೊರತೆಯಿಲ್ಲ.

ಹಾಗಾದರೆ ಏನು ಕೆಲಸ ಮಾಡುತ್ತದೆ? ಬಹಳ ಸಪ್ಪೆಯಾದ ಸಂಗತಿಗಳು. ಮೊದಲನೆಯದು, ಕಣ್ಣಿಗೆ ಬೀಳುವ ನಿಯಮ. ರೆಡಿಟ್‌ನ ವಿಜ್ಞಾನ ಸಮುದಾಯದಲ್ಲಿ ನೇಥನ್ ಮಟಾಯಸ್ ಎಂಬ ಸಂಶೋಧಕರು 2,190 ಚರ್ಚೆಗಳ ಮೇಲೆ ಒಂದು ಪ್ರಯೋಗ ಮಾಡಿದರು, ಅದು 2019ರಲ್ಲಿ ಪ್ರಕಟವಾಯಿತು. ಕೆಲವು ಚರ್ಚೆಗಳ ತಲೆಯಲ್ಲಿ ಗುಂಪಿನ ನಿಯಮಗಳನ್ನು ಪಿನ್ ಮಾಡಿಟ್ಟರು, ಕೆಲವಕ್ಕೆ ಇಡಲಿಲ್ಲ. ಪಿನ್ ಮಾಡಿದ ಕಡೆ ಹೊಸಬರು ನಿಯಮ ಪಾಲಿಸುವ ಪ್ರಮಾಣ ಶೇಕಡಾವಾರು 8 ಅಂಶಗಳಷ್ಟು ಏರಿತು. ಅದಕ್ಕಿಂತ ಅಚ್ಚರಿಯೆಂದರೆ, ಬರೆಯಲು ಮುಂದೆ ಬಂದ ಹೊಸಬರ ಸಂಖ್ಯೆ ಸರಾಸರಿ ಶೇ. 70ರಷ್ಟು ಹೆಚ್ಚಿತು. ನಿಯಮ ಹಾಕಿದರೆ ಜನ ಹೆದರಿ ಓಡುತ್ತಾರೆ ಎಂಬ ನಂಬಿಕೆ ತಲೆಕೆಳಗಾಯಿತು. ಇಲ್ಲಿ ಹೇಳುವವರು ಕೇಳುವವರು ಇದ್ದಾರೆ ಎಂದು ಗೊತ್ತಾದರೆ ಅಂಜುಬುರುಕರು ಬಾಯಿ ತೆರೆಯುತ್ತಾರೆ. ನಮ್ಮ ಗುಂಪುಗಳ ನಿಯಮ ಸಾಮಾನ್ಯವಾಗಿ 'ಅಬೌಟ್' ಎಂಬ ಪುಟದಲ್ಲಿ, ಯಾರೂ ಹೋಗದ ಜಾಗದಲ್ಲಿ ಮಲಗಿರುತ್ತದೆ. ಬರೆದಿದ್ದರೂ "ಎಲ್ಲರೂ ಸಭ್ಯವಾಗಿ ವರ್ತಿಸತಕ್ಕದ್ದು" ಎಂದಿರುತ್ತದೆ. ಸಭ್ಯತೆಗೆ ಒಬ್ಬೊಬ್ಬರದು ಒಂದೊಂದು ಅಳತೆ. "ಬರೆದವರ ಮನೆಯವರು, ಜಾತಿ, ಮೈಬಣ್ಣದ ಬಗ್ಗೆ ಮಾತಾಡಿದರೆ ಕಮೆಂಟು ತೆಗೆಯುತ್ತೇವೆ" ಎಂದು ಬರೆದರೆ ಯಾರಿಗೂ ಗೊಂದಲವಿರುವುದಿಲ್ಲ.

ಎರಡನೆಯದು ಹೊತ್ತು. ಮೇಲಿನ ಕೊಳಕು ಕಮೆಂಟೇ ಕೆಳಗಿನವರನ್ನು ಕೆಡಿಸುತ್ತದೆ ಎಂದಾದರೆ ಹತ್ತನೆಯದನ್ನು ಬೆಳಿಗ್ಗೆ ಅಳಿಸುವುದಕ್ಕಿಂತ ಮೂರನೆಯದನ್ನು ರಾತ್ರಿಯೇ ಅಳಿಸುವುದು ಲಾಭ. ಹೊರದೇಶದ ಕನ್ನಡಿಗರೂ ಸದಸ್ಯರಾಗಿರುವ ಗುಂಪುಗಳಿಗೆ ಒಂದು ಅನುಕೂಲವಿದೆ. ಇಲ್ಲಿ ನಡುರಾತ್ರಿಯಾದಾಗ ಅಮೆರಿಕದಲ್ಲಿರುವ ಸದಸ್ಯರಿಗೆ ಹಗಲು, ಅವರಲ್ಲೊಬ್ಬರನ್ನು ಅಡ್ಮಿನ್ ಮಾಡಿದರೆ ಪಹರೆ ತಪ್ಪುವುದಿಲ್ಲ. ಅಷ್ಟು ದೊಡ್ಡ ಗುಂಪು ಅಲ್ಲವಾದರೆ ವಾಟ್ಸ್‌ಆ್ಯಪ್‌ನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅಡ್ಮಿನ್‌ಗಳಷ್ಟೇ ಬರೆಯುವಂತೆ ಸೆಟಿಂಗ್ ಬದಲಿಸಿ ಮಲಗಬಹುದು. ಫೇಸ್‌ಬುಕ್‌ನಲ್ಲಿ ಕಾವೇರಿದ ಪೋಸ್ಟಿನ ಕಮೆಂಟು ನಿಲ್ಲಿಸಬಹುದು. ಹುಂಬತನ ಮಾಡಿದ ಸದಸ್ಯರನ್ನು ಹೊರಹಾಕದೆ ಕೆಲ ಕಾಲ ಮ್ಯೂಟ್ ಮಾಡಬಹುದು. ಇಷ್ಟೆಲ್ಲ ಸೌಲಭ್ಯ ಫೋನಿನಲ್ಲೇ ಇದ್ದರೂ ನಮ್ಮ ಅಡ್ಮಿನ್‌ಗಳು ಕೈಮುಗಿಯುವ ಎಮೋಜಿ ಹಾಕಿ "ದಯವಿಟ್ಟು ಎಲ್ಲರೂ ಶಾಂತರಾಗಿ" ಎನ್ನುವುದರಲ್ಲೇ ತೃಪ್ತರು. ಸದಸ್ಯರು ಹಾಕಿದ್ದಕ್ಕೆಲ್ಲ ತಾವೇ ಜೈಲಿಗೆ ಹೋಗಬೇಕಾದೀತು ಎಂಬ ಭಯ ಬೇರೆ. ವಾಟ್ಸ್‌ಆ್ಯಪ್ ಗುಂಪಿನ ಸದಸ್ಯರ ತಪ್ಪಿಗೆ, ಅದರಲ್ಲಿ ಕೈಯಿಲ್ಲದ ಅಡ್ಮಿನ್‌ರನ್ನು ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಭಯಕ್ಕಿಂತ ಹೆಚ್ಚಾಗಿ ಕೈ ತಡೆಯುವುದು ದಾಕ್ಷಿಣ್ಯ. ಕಿತಾಪತಿ ಮಾಡುವವರು ಭಾವನ ಸ್ನೇಹಿತರೋ ಹಳೆಯ ಸಹಪಾಠಿಯೋ ಆಗಿರುತ್ತಾರೆ.

ಹೊರಹಾಕಿದರೆ ಬೇರೆ ಹೆಸರಲ್ಲಿ ಬರುತ್ತಾರಲ್ಲ ಎನ್ನುತ್ತಾರೆ. ಕೆಲವರು ಬರುತ್ತಾರೆ. ರೆಡಿಟ್ 2015ರಲ್ಲಿ ದ್ವೇಷವನ್ನೇ ಕಸುಬಾಗಿಸಿಕೊಂಡಿದ್ದ ಎರಡು ದೊಡ್ಡ ಸಮುದಾಯಗಳನ್ನು ಮುಚ್ಚಿದಾಗ ಏನಾಯಿತು ಎಂದು ಈಶ್ವರ್ ಚಂದ್ರಶೇಖರನ್ ಮತ್ತು ಸಂಗಡಿಗರು ಅಳೆದು ನೋಡಿದ್ದಾರೆ. ಅಲ್ಲಿದ್ದ ಎಷ್ಟೋ ಜನ ತಾಣವನ್ನೇ ಬಿಟ್ಟರು. ಉಳಿದವರ ಬರಹದಲ್ಲಿ ದ್ವೇಷದ ಮಾತು ಕನಿಷ್ಠ ಶೇ. 80ರಷ್ಟು ಕಡಿಮೆಯಾಯಿತು.

ಇದನ್ನು ಓದಿ ಯಾರಾದರೂ ಅಡ್ಮಿನ್ ಉತ್ಸಾಹದಿಂದ ಕತ್ತಿ ಹಿರಿದರೆ ಅದೂ ಅಪಾಯವೇ. ಗುಂಪಿನ ಲೆಕ್ಕಪತ್ರ ಕೇಳಿದವರು, ಹಿರಿಯ ಸಾಹಿತಿಯ ತಪ್ಪು ತೋರಿಸಿದವರು, ಒಂದೇ ದೂರನ್ನು ನಾಲ್ಕು ಸಲ ಹೇಳಿದವರು ಇವರೆಲ್ಲರ ಹಣೆಗೂ ಟ್ರೋಲ್ ಪಟ್ಟಿ ಹಚ್ಚುವ ಚಾಳಿ ಈಗ ಬೆಳೆದಿದೆ. ರಾಜಕೀಯ ಪಕ್ಷಗಳಿಗಂತೂ ಟೀಕಿಸಿದವರೆಲ್ಲ ಎದುರು ಪಕ್ಷದ ಕೂಲಿ ಟ್ರೋಲುಗಳು. ಕೂಲಿ ಟ್ರೋಲುಗಳು ಇಲ್ಲವೆಂದಲ್ಲ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸಂಬಳ ಕೊಟ್ಟು ಇದೇ ಕೆಲಸ ಮಾಡಿಸುತ್ತಿದ್ದ ಸಂಸ್ಥೆಯೊಂದರ ಮೇಲೆ ಅಮೆರಿಕ 2018ರ ಫೆಬ್ರುವರಿಯಲ್ಲಿ ಆರೋಪಪಟ್ಟಿಯನ್ನೇ ಹಾಕಿತು. ಆದರೆ ನಮ್ಮೂರ ನೀರಿನ ಸಮಸ್ಯೆ ಬರೆದವರನ್ನು ಆ ಸಾಲಿಗೆ ಸೇರಿಸಲು ಬರುವುದಿಲ್ಲ. ಮೇಲೆ ಹೇಳಿದ 2015ರ ಅಧ್ಯಯನದಲ್ಲೇ ಇನ್ನೊಂದು ಮಾತಿದೆ. ಗುಂಪು ಅತಿ ಕಠಿಣವಾಗಿ ನಡೆಸಿಕೊಂಡವರ ಬರಹ ಸುಧಾರಿಸಲಿಲ್ಲ, ಮುಂದೆ ಇನ್ನಷ್ಟು ಕೆಟ್ಟಿತು. ಕಾರಣ ಹೇಳದೆ ಅಳಿಸಿದರೆ, ಅದುವರೆಗೆ ಬರೀ ಸಿಟ್ಟಾಗಿದ್ದವರನ್ನು ನಾವೇ ಟ್ರೋಲಿಗರಾಗಿ ತಯಾರು ಮಾಡಿದಂತೆ.

ಅಡ್ಮಿನ್ ಖಾಸಗಿಯಾಗಿ ಕಳಿಸುವ ಸಂದೇಶ ಚಿಕ್ಕದಿರಲಿ. "ನಮಸ್ಕಾರ. ನಿಮ್ಮ ಮೂರು ಕಮೆಂಟು ತೆಗೆದಿದ್ದೇವೆ. ಮೂರರಲ್ಲೂ ವಿಷಯ ಬಿಟ್ಟು ಬರೆದವರ ಮನೆಯವರ ಬಗ್ಗೆ ಮಾತಿತ್ತು. ಒಂದು ವಾರ ಓದಬಹುದು, ಬರೆಯಲಾಗದು. ಆಮೇಲೆ ಎಂದಿನಂತೆ." ಎಲ್ಲರೆದುರು ಮರ್ಯಾದೆ ತೆಗೆಯುವ ಅಗತ್ಯವಿಲ್ಲ. ಹಾಗೆ ತೆಗೆದರೆ ಹಿಂದಿರುಗುವ ದಾರಿಯನ್ನೂ ಮುಚ್ಚಿದಂತೆ. "ಅಭಿವ್ಯಕ್ತಿ ಸ್ವಾತಂತ್ರ್ಯ ಎಲ್ಲಿ ಹೋಯ್ತು?" ಎಂದು ಮರುಸಂದೇಶ ಬಂದೇ ಬರುತ್ತದೆ. ಸಂವಿಧಾನದ 19ನೇ ವಿಧಿ ಇರುವುದು ಮುಖ್ಯವಾಗಿ ಸರ್ಕಾರದ ಕೈ ಕಟ್ಟಲು, ಅಡಿಕೆ ಗುಂಪಿನ ಅಡ್ಮಿನ್ ಕೈ ಕಟ್ಟಲು ಅಲ್ಲ ಎಂದು ವಿವರಿಸಲು ಹೊರಟಿರೋ, ಇನ್‌ಬಾಕ್ಸಿನಲ್ಲೇ ಇನ್ನೊಂದು ನೂರು ಸಂದೇಶ ಆಗುತ್ತದೆ. ಉತ್ತರ ಬೇಡ. ಆ ವಾರ ಮುಗಿಯುವುದು ಸೋಮವಾರ ಎಂದಾದರೆ ಒಂದು ದಿನ ಮುಂದಕ್ಕೆ ಹಾಕಿ, ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆಯಿರಿ.